ಬಿಸಿಲು ಆಗದ ಅಕ್ಕ

ಮೊನ್ನೆ ತಿರುವನಂತಪುರದ ಶ್ರೀಕಾರ್ಯಂನ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸಿನ ಕೈಯಿಂದ ಕ್ಯಾಲಮೈನ್ ಲೋಷನ್ನಿನ ಬಾಟಲಿ ಜಾರಿ ಬಿತ್ತು. ಮುಚ್ಚಳ ಸೀಳಿ ಗುಲಾಬಿ ಬಣ್ಣದ ನೀರು ಟೈಲ್ಸಿನ ಮೇಲೆಲ್ಲ ಹರಡಿತು. ಆ ವಾಸನೆ ಬಲ್ಲವರಿಗೆ ಗೊತ್ತು: ಒದ್ದೆ ಸೀಮೆಸುಣ್ಣಕ್ಕೆ ಯಾರೋ ಸ್ವಲ್ಪ ಆಸ್ಪತ್ರೆ ಬೆರೆಸಿದ ಹಾಗಿರುತ್ತದೆ. ಅವಳ ಪಕ್ಕದಲ್ಲಿ ತೋಳಿಲ್ಲದ ಅಂಗಿ ತೊಟ್ಟ ಮಗುವೊಂದು ಭುಜವೆಲ್ಲ ಕೆಂಪಾಗಿ ಅಳುತ್ತಾ ನಿಂತಿತ್ತು. ರಜೆಯ ಈಜು ಶಿಬಿರಕ್ಕೆ ಹೋಗಿ ಬಂದದ್ದಂತೆ. "ಸಾರಮಿಲ್ಲ ಚೇಚೀ," ಪರವಾಗಿಲ್ಲ ಬಿಡಿ ಅಕ್ಕಾ ಎಂದು ಸಮಾಧಾನ ಹೇಳುತ್ತಾ ಅಂಗಡಿಯವನು ಒರೆಸುವ ಬಟ್ಟೆ ತಂದ. ನಾನು ಮಾತ್ರ ನನ್ನ ಬಿಪಿ ಮಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಇಂಥ ಹೊತ್ತಿನಲ್ಲಿ ಬೇರೆಯವರಿಗೆ ಕಣ್ಣೀರು ಬರುತ್ತದೆ. ನನಗೆ ಸಿಟ್ಟು ಬಂತು.

ಅಂಗಡಿಯಲ್ಲಿದ್ದ ಯಾರ ಮೇಲೂ ಬಂದ ಸಿಟ್ಟಲ್ಲ. ಹತ್ತು ಹನ್ನೆರಡು ವರ್ಷ ಹಳೆಯದು. ಕಾಲ ಕಳೆದಂತೆ ಎಲ್ಲ ಆರುತ್ತದೆ ಎಂದು ನನಗೆ ಬುದ್ಧಿ ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ನನ್ನದು ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಆಗ ನಾನು ಕೊಚ್ಚಿಯಲ್ಲಿದ್ದೆ. ಗಂಡ ತೀರಿಕೊಂಡ ಮೇಲೆ ಬ್ಯಾಂಕಿನವರು ಬಡ್ತಿ ಕೊಟ್ಟು, ಅದರ ಜೊತೆಗೆ ಕೇರಳವನ್ನೂ ಕೊಟ್ಟಿದ್ದರು. ಅಮ್ಮನನ್ನೂ ಎರಡನೇ ಕ್ಲಾಸಿನ ಮಗಳನ್ನೂ ಕರೆದುಕೊಂಡು ಮೈಸೂರಿನಿಂದ ಬಂದು ಕಲೂರ್ ಬಸ್ ಸ್ಟ್ಯಾಂಡಿನ ಹಿಂದಿನ ಹಳೇ ಕಟ್ಟಡವೊಂದರಲ್ಲಿ ಮನೆ ಹಿಡಿದಿದ್ದೆ. ನಾವು ಬಂದ ಮರುವರ್ಷ ಮೇಲಿನ ಮನೆಗೆ ವಿಜಯಪುರದ ಕಡೆಯ ಗಂಡ ಹೆಂಡತಿ ಬಂದರು. ಗಂಡ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರಿ, ಹೆಂಡತಿ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಶಿಪ್ಪಿಂಗ್ ಏಜೆಂಟರ ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಆ ಹೆಂಡತಿಯೇ ನಾನು ಹೇಳಹೊರಟಿರುವ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವರು, ಮಕ್ಕಳಿರಲಿಲ್ಲ, ದನಿ ಜೋರು.

ಆ ದನಿ ನಾನು ಮೊದಲು ಕೇಳಿದ್ದು ಒಂದು ಯುಗಾದಿಯ ದಿನ. ಅಮ್ಮ ಮೊಮ್ಮಗಳಿಗೆ ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿ, ಎಣ್ಣೆ ಮೈಗಿಳಿಯಲಿ ಎಂದು ಚಡ್ಡಿಯಲ್ಲೇ ತಾರಸಿಗೆ ಕಳಿಸಿದ್ದರು. ಮೈಸೂರಿನಲ್ಲಿ ಇದು ಎಳೆಬಿಸಿಲಿನ ಕೆಲಸ. ಎಣ್ಣೆ ಹಚ್ಚಿಕೊಂಡು ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು, ಮೈ ಬೆಚ್ಚಗಾದ ಮೇಲೆ ಹಂಡೆಯ ನೀರು ಹುಯ್ದುಕೊಳ್ಳುವುದು. ಇಲ್ಲಿ ಮಾವಿನೆಲೆ ಹುಡುಕುವುದು, ಹೋಳಿಗೆಗೆ ಕಣಕ ನಾದುವುದು ಎಂದು ಹೊತ್ತು ಏರಿ ಹನ್ನೊಂದರ ಹತ್ತಿರವಾಗಿತ್ತು. ಆಕಾಶದಲ್ಲಿ ತೆಳ್ಳಗೆ ಮೋಡ, ಕಾಯಲಿನ, ಅಂದರೆ ಹಿನ್ನೀರಿನ, ಕಡೆಯಿಂದ ಗಾಳಿ. ಬಿಸಿಲು ಬಿಸಿಲಿನಂತೆ ಕಾಣುತ್ತಲೇ ಇರಲಿಲ್ಲ. ಘಟ್ಟದ ಮೇಲಿನವರು ಈ ಊರಿನಲ್ಲಿ ಮೋಸ ಹೋಗುವುದು ಹೀಗೆಯೇ.

"ಅಜ್ಜೀ, ಕೂಸಿನ್ನ ಹಪ್ಪಳದಂಗ ಒಣಗ್ಲಿಕ್ಕೆ ಇಟ್ಟೀರೇನ್ರಿ? ಎಣ್ಣಿ ಹಚ್ಚಿ ಬಿಸಲಾಗ ನಿಂದ್ರಿಸಿದ್ರ ಕರದ ಹೋಗ್ತದ ಅದು. ಮೊದಲ ಒಳಗ ಕರಕೊಳ್ರಿ!"

ಮೆಟ್ಟಿಲ ಮೇಲಿನ ಬಾಗಿಲಲ್ಲಿ ನಿಂತು ಅವರು ಕೂಗುತ್ತಿದ್ದರು. ಹೊರಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅಷ್ಟು ಕಾಳಜಿ ಇದ್ದವರು ಬಂದು ಮಗುವನ್ನು ಎತ್ತಿಕೊಳ್ಳಬಾರದೇ, ನೆರಳಲ್ಲಿ ನಿಂತು ಉಪದೇಶವೇ ಎಂದು ಅಮ್ಮನಿಗೆ ರೇಗಿತು. "ಹಬ್ಬದ ದಿನ ಎಣ್ಣೆನೀರು ಬೇಡ ಅನ್ನೋಕೆ ಇವಳ್ಯಾರೇ?" ಎಂದು ಗೊಣಗುತ್ತಲೇ ಮೊಮ್ಮಗಳನ್ನು ಕೆಳಗಿಳಿಸಿದರು.

ಮಧ್ಯಾಹ್ನದ ಊಟದ ಹೊತ್ತಿಗೆ ಮಗಳ ಭುಜ, ಬೆನ್ನು ಕೆಂಡದಂತಾಗಿದ್ದವು. ಹೊಸ ಲಂಗ ರವಿಕೆ ಮುಟ್ಟಿಸಲು ಬಿಡಲಿಲ್ಲ. ಆಗಲೇ ಅವಳಿಗೆ ಅಳುವುದೂ ಮಲಯಾಳಂನಲ್ಲೇ ಬರುತ್ತಿತ್ತು. "ಪೊಳ್ಳುನ್ನು ಅಮ್ಮಾ, ಪೊಳ್ಳುನ್ನು" ಎಂದು ಉರಿ ತಾಳಲಾರದೆ ಕುಣಿಯುತ್ತಿದ್ದಳು. ಅಮ್ಮ ಬೆಣ್ಣೆಯ ಬಟ್ಟಲು ಹಿಡಿದು ಬಂದರು. ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಅದೇ ಅಕ್ಕ, ಕೈಯಲ್ಲಿ ಕ್ಯಾಲಮೈನ್ ಬಾಟಲಿ, ಭುಜದ ಮೇಲೆ ಹಳೆಯ ಒಂದು ಹತ್ತಿ ಸೀರೆ.

ಕರೆಯದೆಯೇ ಒಳಗೆ ಬಂದರು. ಬೆಣ್ಣೆಯ ಬಟ್ಟಲನ್ನು ಅಮ್ಮನ ಕೈಯಿಂದ ತೆಗೆದು ಫ್ರಿಜ್ಜಿನ ಮೇಲಿಟ್ಟರು. ಮಗುವನ್ನು ಬಚ್ಚಲಿಗೆ ಕರೆದೊಯ್ದು ತಣ್ಣೀರು ಹುಯ್ಯುತ್ತಾ ಕೂತರು. ನಾನು ಐಸ್ ತರಲೇ ಎಂದರೆ, "ಐಸ್ ಬ್ಯಾಡ, ಬೆಣ್ಣಿ ಬ್ಯಾಡ, ಟೂತ್‌ಪೇಸ್ಟ್ ಅಂತೂ ಬ್ಯಾಡೇ ಬ್ಯಾಡ. ಸುಟ್ಟ ತೊಗಲಿಗೆ ತಣ್ಣೀರ ಔಷಧ" ಎಂದರು. ಹತ್ತಿ ಸೀರೆಯನ್ನು ಹರಿದು, ಒದ್ದೆ ಮಾಡಿ ಬೆನ್ನ ಮೇಲೆ ಹರಡಿದರು. ಒಣಗಿದ ಹಾಗೆ ಮತ್ತೆ ಒದ್ದೆ ಮಾಡಿದರು. ನೀರುಮಜ್ಜಿಗೆ ಕುಡಿಸಿದರು. ಉರಿ ಸ್ವಲ್ಪ ಇಳಿದ ಮೇಲೆ ಆ ಗುಲಾಬಿ ಲೋಷನ್ನನ್ನು ಹಗುರವಾಗಿ ಸವರಿದರು. ಮಗಳು ನಿದ್ದೆಹೋದಳು. ಮಾರನೆಯ ದಿನ ಸಣ್ಣ ಸಣ್ಣ ಗುಳ್ಳೆ ಎದ್ದಾಗ ಅಮ್ಮ ಸೂಜಿ ಹುಡುಕುವ ಮುಂಚೆಯೇ ಮೆಟ್ಟಿಲ ಮೇಲಿನಿಂದ ಆದೇಶ ಬಂತು: "ಗುಳ್ಳಿ ಒಡೀಬ್ಯಾಡ್ರಿ ಅಜ್ಜಿ! ಅದು ಒಳಗಿನ ತೊಗಲಿಗೆ ದೇವರು ಕೊಟ್ಟ ಮುಚ್ಚಳಿಕಿ." ಅವತ್ತಿನಿಂದ ಅಮ್ಮ ಅವರ ಶಿಷ್ಯೆಯಾದರು. ಹೋಳಿಗೆ ಮಾಡಿದರೆ ಮೊದಲ ಪಾಲು ಮೇಲಿನ ಮನೆಗೆ ಹೋಗುತ್ತಿತ್ತು.

ನನ್ನ ಬ್ಯಾಂಕಿನ ಶಾಖೆಯೂ ಐಲ್ಯಾಂಡಿನಲ್ಲೇ ಇದ್ದದ್ದರಿಂದ ನಾವಿಬ್ಬರೂ ಒಟ್ಟಿಗೆ ಹೋಗತೊಡಗಿದೆವು. ಕಲೂರಿನಿಂದ ಬಸ್ಸು, ಜೆಟ್ಟಿಯಿಂದ ಬೋಟು. ನನ್ನನ್ನು "ಮೈಸೂರಾಕಿ" ಎಂದು ಕರೆಯುತ್ತಿದ್ದರು. ಮೈಸೂರಿನವರು ಬಿಸಿಲಿಗೂ "ದಯವಿಟ್ಟು" ಅನ್ನುವ ಜನ ಎಂದು ನಗುತ್ತಿದ್ದರು. ಎಂಥ ಸೆಕೆಯಲ್ಲೂ ಮುಂಗೈವರೆಗೆ ತೋಳಿರುವ ರವಿಕೆ, ಕೈಗೆ ಬಿಳಿ ಹತ್ತಿ ಗ್ಲೌಸು, ಬಾಗಿದ ಹಿಡಿಕೆಯ ಗಂಡಸರ ಕರೀ ಕೊಡೆ, ಮುಖಕ್ಕೆ ದಪ್ಪಗೆ ಸನ್‌ಸ್ಕ್ರೀನು. ಮನೆ ಬಿಡುವುದಕ್ಕೆ ಅರ್ಧ ಗಂಟೆ ಮುಂಚೆ ಹಚ್ಚಿಕೊಳ್ಳುವರು, ಬೆವರಿದರೆ ಮತ್ತೆ ಹಚ್ಚಿಕೊಳ್ಳುವರು, ನನ್ನ ಮಗಳಿಗೂ ಸ್ಕೂಲಿಗೆ ಹೋಗುವಾಗ ಮೂಗಿಗೂ ಕಿವಿಯ ತುದಿಗೂ ಬಳಿದು ಕಳಿಸುವರು. ಕಿವಿಯ ತುದಿಯನ್ನು ಎಲ್ಲರೂ ಮರೆಯುತ್ತಾರೆ ಎಂಬುದು ಅವರ ದೂರು. ಬೋಟಿನಲ್ಲಿ ಬೆಳಿಗ್ಗೆ ಯಾವ ಪಕ್ಕ ನೆರಳು, ಸಂಜೆ ಯಾವ ಪಕ್ಕ ಎಂದು ನೋಡಿಯೇ ಕೂರುತ್ತಿದ್ದರು. ಕೂತ ಮೇಲೆ, ತಲೆಯ ಮೇಲೆ ಸೂರು ಇದ್ದರೂ, ಕೊಡೆ ಬಿಚ್ಚಿ ನೀರಿನ ಕಡೆಗೆ ಅಡ್ಡ ಹಿಡಿಯುತ್ತಿದ್ದರು. ಬೋಟಿನವರು ಕಣ್ಣಲ್ಲೇ ನಗುತ್ತಿದ್ದರು.

ಒಂದು ದಿನ ನಾನೇ ಕೇಳಿದೆ. ಅಕ್ಕ ಮುಚ್ಚುಮರೆ ಮಾಡುವವರಲ್ಲ. ತಮಗೆ ಲೂಪಸ್ ಎಂಬ ಕಾಯಿಲೆ ಇದೆ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆಯಂತೆ. ಮಾತ್ರೆಯಿಂದ ಅದು ತಣ್ಣಗೆ ಮಲಗಿರುತ್ತದೆ, ಅವರ ಮಟ್ಟಿಗೆ ಬಿಸಿಲು ಬಿದ್ದರೆ ಸಾಕು, ಏಳುತ್ತದೆ. ನೀರಿನ ಮೇಲಿಂದ ಹೊಡೆದು ಬರುವ ಬಿಸಿಲೂ ಬಿಸಿಲೇ, ಮೋಡದ ಹಿಂದಿನದೂ ಬಿಸಿಲೇ. ಹಿಂದೊಮ್ಮೆ ಅದು ಎದ್ದು ಆಸ್ಪತ್ರೆ ಸೇರಿದ್ದರು. ಇನ್ನೊಮ್ಮೆ ಹಾಗಾದರೆ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ನಿಮಗ ಬಿಸಿಲು ಬಡದ್ರ ತೊಗಲು ಸುಲೀತದ, ಹೊಸಾದು ಬರ್ತದ. ನನಗ ಬಡದ್ರ ಸೀದಾ ಕಿಡ್ನಿಗೆ ಬಡೀತದ. ಇಷ್ಟ ನೋಡು ಮೈಸೂರಾಕಿ."

ಇದನ್ನು ಅವರು ನನಗೊಬ್ಬಳಿಗೆ ಹೇಳಿದ್ದಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದರು: "ನನಗ ಬಿಸಿಲು ಆಗಂಗಿಲ್ರಿ." ಕೇಳಿದವರು ಅದನ್ನು ಬದನೆಕಾಯಿ ಆಗುವುದಿಲ್ಲ, ಶ್ಯಾವಿಗೆ ಆಗುವುದಿಲ್ಲ ಎನ್ನುವ ಲೆಕ್ಕದಲ್ಲಿ ಸೇರಿಸಿ ಮರೆತುಬಿಡುತ್ತಿದ್ದರು. ಯಾಕೆ ಎಂದು ನೇರವಾಗಿಯೇ ಹೇಳುತ್ತೇನೆ. ಅಕ್ಕ ಕಪ್ಪಗಿದ್ದರು. "ನಮ್ಮೂರ ಎರಿ ಮಣ್ಣಿನ ಬಣ್ಣ ನಂದು, ಜ್ವಾಳ ಛಲೋ ಬೆಳೀತದ" ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಕಪ್ಪಗಿರುವ ಹೆಂಗಸು ಕೊಡೆ ಹಿಡಿದು, ಗ್ಲೌಸು ಹಾಕಿ, ಮುಖಕ್ಕೆ ಕ್ರೀಮು ಬಳಿದುಕೊಂಡರೆ ನಮ್ಮ ಜನಕ್ಕೆ ಹೊಳೆಯುವ ಕಾರಣ ಒಂದೇ ಒಂದು. ಇರುವ ಬಣ್ಣಕ್ಕೆ ಇಷ್ಟೊಂದು ಜೋಪಾನವೇ ಎಂದು ಕಟ್ಟಡದವರೂ ನಕ್ಕರು, ನಮ್ಮ ಕನ್ನಡ ಕೂಟದ ಹೆಂಗಸರೂ ನಕ್ಕರು. ಭಾಷೆ ಬೇರೆಯಾದರೂ ಈ ವಿಷಯದಲ್ಲಿ ಎರಡೂ ರಾಜ್ಯದವರಿಗೆ ಒಳ್ಳೆಯ ಒಗ್ಗಟ್ಟು. ಕಪ್ಪು ಚರ್ಮಕ್ಕೆ ಬಿಸಿಲು ತಾಗುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ತಾಗುತ್ತದೆ. ಕೆಂಪಗೆ ಕಾಣುವುದಿಲ್ಲ, ಅಷ್ಟೇ. ಉರಿ ಉರಿಯೇ.

ಕೂಟದ ವಿಷಯಕ್ಕೆ ಬರುತ್ತೇನೆ. ಬಾಯಿ ಕಹಿಯಾಗುತ್ತದೆ, ಆದರೂ ಬರಲೇಬೇಕು. ವರ್ಗವಾಗಿ ಬಂದ ಬ್ಯಾಂಕಿನವರು, ಕೇಂದ್ರ ಕಚೇರಿಗಳವರು ಸೇರಿ ನಡೆಸುತ್ತಿದ್ದ ಸಣ್ಣ ಕೂಟ ಅದು. ಅಧ್ಯಕ್ಷರು ಅಕ್ಕನ ಗಂಡನ ಕಚೇರಿಯ ಸಾಹೇಬರು. ಹೀಗಾಗಿ ಕೂಟವೂ ಕಚೇರಿಯ ಹಾಗೆಯೇ ನಡೆಯುತ್ತಿತ್ತು. ಸಾಹೇಬರು ಹೇಳಿದರೆ ಕೆಳಗಿನವರು ಕುರ್ಚಿ ಹಾಕುವರು, ಸಾಹೇಬರ ಹೆಂಡತಿ ಹೇಳಿದರೆ ಕೆಳಗಿನವರ ಹೆಂಡಂದಿರು ರಂಗೋಲಿ ಹಾಕುವರು. ಅಕ್ಕನ ಗಂಡ ಕರ್ನಾಟಕಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಅದು ಸಾಹೇಬರ ಮೇಜಿನ ಮೇಲಿತ್ತು.

ಆ ಮುಂದಿನ ಯುಗಾದಿಗೆ ಕೂಟದವರು ಕಲೂರಿನ ಒಂದು ಸಭಾಂಗಣದಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡರು. ಬೆಂಗಳೂರಿನಿಂದ ಯಾರೋ ಅತಿಥಿ. ಅವರಿಗೆ ಐವರು ಮುತ್ತೈದೆಯರಿಂದ ಪೂರ್ಣಕುಂಭ ಸ್ವಾಗತ, ಅದೂ ಗೇಟಿನ ಹತ್ತಿರ, ರಸ್ತೆಗೆ ಕಾಣುವಂತೆ, ಬೆಳಿಗ್ಗೆ ಹನ್ನೊಂದು ಗಂಟೆಗೆ. ನೀನೂ ಐವರಲ್ಲಿ ನಿಲ್ಲು ಎಂದು ಗಂಡ ಮನೆಯಲ್ಲಿ ಹೇಳಿದಾಗ ಅಕ್ಕ ಖಡಾಖಂಡಿತವಾಗಿ ಆಗದು ಅಂದಿದ್ದರು. ಜಗಳವೂ ಆಗಿತ್ತು, ಕೆಳಗೆ ನಮಗೆ ಕೇಳಿಸಿತ್ತು. ಕಾರ್ಯಕ್ರಮಕ್ಕೆ ಬರುತ್ತೇನೆ, ಒಳಗೆ ಕೂರುತ್ತೇನೆ, ಅಷ್ಟೇ ಎಂದು ಹೇಳಿ ನಮ್ಮ ಜೊತೆ ಆಟೋದಲ್ಲಿ ಬಂದರು. ಇಳಿದ ತಕ್ಷಣ ಕೊಡೆ ಬಿಚ್ಚಿದರು.

ಗೇಟಿನಲ್ಲಿ ಗದ್ದಲ. ಐದನೆಯ ಮುತ್ತೈದೆ ಬಂದಿರಲಿಲ್ಲ, ಮಗುವಿಗೆ ಜ್ವರವಂತೆ. ನಾಲ್ವರೇ ಆದರೆ ಶುಭವಲ್ಲ. ಸಾಹೇಬರ ಹೆಂಡತಿ ಅಕ್ಕನನ್ನು ನೋಡಿದ್ದೇ, ಕಲಶ ಹಿಡಿದುಕೊಂಡು ಬಂದುಬಿಟ್ಟರು. ಅಕ್ಕ ಮತ್ತದೇ ಹೇಳಿದರು, ನನಗ ಬಿಸಿಲು ಆಗಂಗಿಲ್ರಿ.

"ನಮಗ್ಯಾರಿಗೂ ಬಿಸಿಲು ಬೀಳ್ತಿಲ್ವೇನ್ರೀ? ಬೆಳ್ಳಗಿರೋ ನಾವೇ ನಿಂತಿದ್ದೀವಿ, ನಿಮಗೇನ್ರೀ ಭಯ?" ಎಂದರು ಆಕೆ. ಸುತ್ತಲಿದ್ದವರು ನಕ್ಕರು. ನಗು ತಡೆಯಲಾರದೆ ನಕ್ಕವರೂ ಇದ್ದರು, ಸಾಹೇಬರ ಹೆಂಡತಿ ಎಂದು ನಕ್ಕವರೂ ಇದ್ದರು. ಅಕ್ಕನ ಗಂಡ ಚಪ್ಪಲಿ ನೋಡಿಕೊಂಡು ನಿಂತಿದ್ದರು. "ಇದೊಂದ್ ಸಲ... ಐದು ಮಿನಿಟ್ ಅಷ್ಟ..." ಎಂದು ಅವರು ಗೊಣಗಿದ್ದು ನನಗೆ ಕೇಳಿಸಿತು.

ನಾನು ಮುಂದೆ ಹೋದೆ. "ಅವರಿಗೆ ಕಾಯಿಲೆ ಇದೆ. ಕೊಡಿ ಇಲ್ಲಿ, ನಾನು ಹಿಡ್ಕೋತೀನಿ" ಎಂದು ಕಲಶಕ್ಕೆ ಕೈ ಚಾಚಿದೆ. ಸಾಹೇಬರ ಹೆಂಡತಿ ಕಲಶವನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಮುಟ್ಟಿದರೆ ಮೈಲಿಗೆ ಎಂಬಂತೆ. "ನೀವು... ಅದು... ನಿಮಗೇ ಗೊತ್ತಲ್ಲ. ಶುಭಕಾರ್ಯ" ಎಂದರು. ನನ್ನ ಬೋಳು ಹಣೆಯನ್ನು ನೋಡಿ, ಪಕ್ಕದಲ್ಲಿ ನಿಂತಿದ್ದ ನನ್ನ ಮಗಳನ್ನು ನೋಡಿ, ಕನಿಕರದಿಂದ ಒಂದು ಸಣ್ಣ ನಗೆಯನ್ನೂ ನಕ್ಕರು. ಅಮ್ಮ ನನ್ನ ಸೆರಗು ಹಿಡಿದು ಎಳೆದರು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಆಗ ಅಕ್ಕ ಕೊಡೆ ಮಡಚಿ ನನ್ನ ಕೈಗಿಟ್ಟರು. ಗ್ಲೌಸು ಬಿಚ್ಚಿ ಬ್ಯಾಗಿಗೆ ತುರುಕಿದರು. "ಕೊಡ್ರಿ ಅದನ್ನ. ಆಕಿಗೆ ಇನ್ನೊಂದ್ ಮಾತು ಆಡಬ್ಯಾಡ್ರಿ" ಎಂದು ಕಲಶವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಸಾಲಿನಲ್ಲಿ ಹೋಗಿ ನಿಂತರು.

ಐದು ನಿಮಿಷ ಅಂದದ್ದು ಒಂದು ಗಂಟೆ ದಾಟಿತು. ಅತಿಥಿಗಳು ಎಡಪ್ಪಳ್ಳಿಯಲ್ಲಿ ಇದ್ದಾರೆ, ಎಡಪ್ಪಳ್ಳಿ ದಾಟಿದ್ದಾರೆ, ಇಲ್ಲ ಎಡಪ್ಪಳ್ಳಿಯಲ್ಲೇ ಇದ್ದಾರೆ ಎಂದು ಸಾಹೇಬರು ಫೋನು ಹಿಡಿದು ವರದಿ ಕೊಡುತ್ತಲೇ ಇದ್ದರು, ಗೇಟಿನ ಕಮಾನಿನ ನೆರಳಲ್ಲಿ ನಿಂತು. ಅಕ್ಕ ಮೊದಲು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಅವರ ಕಡೆ ಅದು ರೂಢಿ. ನಮ್ಮ ಕಡೆ ಹಾಗಿಲ್ಲ, ಐವರೂ ಒಂದೇ ಥರ ಇರಬೇಕು ಎಂದು ಅದನ್ನು ತೆಗೆಸಿದರು. ನಾನು ಹಿಂದಿನಿಂದ ಕೊಡೆ ಹಿಡಿದೆ. ಫೋಟೋಗ್ರಾಫರ್ ಹುಡುಗ, "ಚೇಚೀ, ಆ ಕುಡ ಒನ್ನು ಮಾಟ್ಟಾಮೋ?" ಎಂದ. ಮಾಟ್ಟುವುದಿಲ್ಲ, ತೆಗೆಯುವುದಿಲ್ಲ ಎಂದೆ. ಕೊನೆಗೆ ಸಾಹೇಬರೇ ನೆರಳು ಬಿಟ್ಟು ಬಂದು, "ಫ್ರೇಮು ಹಾಳಾಗುತ್ತಮ್ಮ" ಎಂದು ನಯವಾಗಿ ಹೇಳುತ್ತಾ ನನ್ನ ಕೈಯಿಂದ ಕೊಡೆಯನ್ನು ತೆಗೆದು, ತಾವೇ ಮಡಚಿ, ಗೋಡೆಗೆ ಒರಗಿಸಿ ಹೋದರು. ಬಿಡಿ ಸಾರ್ ಎಂದು ಕೂಗಿಕೊಂಡೆ. ಮತ್ತೆ ಹೋಗಿ ಕೊಡೆ ತಂದೆ. ಮತ್ತೆ ಗದ್ದಲ. ಅಕ್ಕನೇ ತಿರುಗಿ, ಸುಮ್ಮನಿರು ಎಂದು ಕಣ್ಣಲ್ಲಿ ಹೇಳಿದರು. ಮೂಗಿನ ಮೇಲೆ, ಕೆನ್ನೆಯ ಮೇಲೆ ಬೆವರು ಇಳಿದು ಹಚ್ಚಿಕೊಂಡಿದ್ದ ಸನ್‌ಸ್ಕ್ರೀನೆಲ್ಲ ಗೆರೆಗೆರೆಯಾಗಿ ಹರಿದುಹೋಗಿತ್ತು...

ಅತಿಥಿ ಬಂದರು. ಕಿವಿಗೆ ಫೋನು ಹಿಡಿದೇ ಕಾರಿನಿಂದ ಇಳಿದರು, ಐವರು ಮುತ್ತೈದೆಯರ ಕಡೆ ತಲೆಯನ್ನೂ ತಿರುಗಿಸದೆ ಏಸಿ ಇರುವ ಸಭಾಂಗಣದೊಳಕ್ಕೆ ನಡೆದುಬಿಟ್ಟರು.

ಮರುದಿನ ಕೂಟದ ಹೆಂಗಸರಿಗೆಲ್ಲ ಮೈಯುರಿ. ಸಾಹೇಬರ ಹೆಂಡತಿಯ ಮೂಗು ಸುಲಿಯತೊಡಗಿತ್ತಂತೆ. ಯಾರಿಗೆ ಫೋನು ಮಾಡಿದರು ಅಂತೀರಿ? ಅಕ್ಕನಿಗೆ! ಅವರಿಗೆ ಇದೆಲ್ಲ ಗೊತ್ತಲ್ಲ ಎಂದು. ನಾನು ಮೇಲಿನ ಮನೆಗೆ ಹೋದಾಗ ಅಕ್ಕ ಜ್ವರದಲ್ಲಿ ಮಲಗಿದ್ದರು. ಮೂಗಿನ ಎರಡೂ ಕಡೆಗೆ ಕೆನ್ನೆಯ ಮೇಲೆ ಬಣ್ಣ ಇನ್ನಷ್ಟು ಗಾಢವಾಗಿ ದದ್ದು ಎದ್ದಿತ್ತು, ಬೆರಳಿನ ಗಂಟುಗಳು ಊದಿದ್ದವು. ಆ ಊದಿದ ಕೈಯಲ್ಲೇ ಫೋನು ಹಿಡಿದು ಹೇಳುತ್ತಿದ್ದರು, ನಿಂಬೆಹಣ್ಣು ತಿಕ್ಕಬೇಡಿ, ಅದು ಇನ್ನೂ ಸುಡುತ್ತದೆ, ತಣ್ಣೀರಲ್ಲಿ ಮುಖ ತೊಳೆಯುತ್ತಿರಿ, ಸುಲಿಯುವುದನ್ನು ಕೀಳಬೇಡಿ, ನೀರು ಜಾಸ್ತಿ ಕುಡಿಯಿರಿ, ವಾಸಿಯಾಗುವವರೆಗೆ ಬಿಸಿಲಿಗೆ ಹೋಗಬೇಡಿ ಎಂದು. ನಾನು ಫೋನು ಕಿತ್ತುಕೊಂಡೆ. ಏನೇನು ಬೈದೆನೋ ಈಗ ಸರಿಯಾಗಿ ನೆನಪಿಲ್ಲ. ಬೈದದ್ದು ಸಾಲದು ಎಂದು ಮಾತ್ರ ಇವತ್ತಿಗೂ ಅನ್ನಿಸುತ್ತದೆ.

ಅದಾದ ಮೇಲೂ ಸಾಹೇಬರ ಮನೆಯಿಂದ ಹಣ್ಣಿನ ಬುಟ್ಟಿ ಬಂತು. ಡ್ರೈವರು ತಂದು ಕೊಟ್ಟ. ಸೇಬು, ದ್ರಾಕ್ಷಿ, ಅವುಗಳ ನಡುವೆ ಬೆಳ್ಳಗಾಗುವ ಕ್ರೀಮಿನ ಒಂದು ಟ್ಯೂಬು. ಬಿಸಿಲಿಗೆ ಕಪ್ಪಾದದ್ದು ಹೋಗುತ್ತದಂತೆ, ಮೇಡಂ ಹೇಳಿದ್ದಾರೆ ಎಂದ. ಅಕ್ಕ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ಬಿದ್ದುಬಿದ್ದು ನಕ್ಕರು, ನಗುತ್ತಾ ಕೆಮ್ಮಿದರು. ನನಗೆ ನಗು ಬರಲಿಲ್ಲ. ಆ ಟ್ಯೂಬನ್ನು ಕೆಳಗೆ ಕಸದ ಡಬ್ಬಿಯವರೆಗೆ ಒಯ್ದು ಎಸೆದು ಬಂದೆ.

ಜ್ವರ ಇಳಿಯಿತು, ಕಾಯಿಲೆ ಇಳಿಯಲಿಲ್ಲ. ಮೇ ಮುಗಿಯುವುದರೊಳಗೆ ಕಾಲು ಊದಿಕೊಂಡಿತು. ಅಕ್ಕ ಹೆದರಿದ್ದಂತೆಯೇ ಕಿಡ್ನಿಗೆ ಬಡಿದಿತ್ತು. ಡಾಕ್ಟರ ಹತ್ತಿರ ನಾನೇ ಕೇಳಿದೆ, ಅವತ್ತಿನ ಬಿಸಿಲಿನಿಂದಲೇ ಅಲ್ಲವೇ ಎಂದು. ಆ ಒಂದು ದಿನದಿಂದಲೇ ಎಂದು ಹೇಳಲಾಗುವುದಿಲ್ಲ, ಈ ಕಾಯಿಲೆಯೇ ಹಾಗೆ, ಬಿಸಿಲೂ ಕಾರಣ ಇರಬಹುದು ಎಂದರು. ಅವರು ಪ್ರಾಮಾಣಿಕರು. ಇರಬಹುದು. ಆದರೆ ನನ್ನ ಸಿಟ್ಟಿಗೆ ಡಾಕ್ಟರ ಸರ್ಟಿಫಿಕೇಟು ಬೇಕಿಲ್ಲ. ಒಬ್ಬ ಹೆಂಗಸು ನನಗೆ ಇದು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಅವಳ ಬಣ್ಣ ನೋಡಿ ನಕ್ಕರಲ್ಲ, ಅದಕ್ಕೆ ಯಾವ ಸರ್ಟಿಫಿಕೇಟು?

ಅಕ್ಕನ ಗಂಡನ ವರ್ಗದ ಅರ್ಜಿ ಮಂಜೂರಾಯಿತು. ಆದರೆ ಕರ್ನಾಟಕಕ್ಕಲ್ಲ. ಈ ಕಾಯಿಲೆ ನೋಡುವ ದೊಡ್ಡ ಡಾಕ್ಟರು ತಿರುವನಂತಪುರದಲ್ಲಿದ್ದಾರೆ ಎಂದು ಅಲ್ಲಿಗೇ ಹಾಕಿಸಿಕೊಂಡರು. ಅವರು ಕೆಟ್ಟವರಲ್ಲ, ಮೆತ್ತಗಿನ ಮನುಷ್ಯ. ಆದರೆ ಮೆತ್ತಗಿನವರ ಬಗ್ಗೆ ನನಗೆ ಆಮೇಲೆ ಗೌರವ ಉಳಿದಿಲ್ಲ. ರಜೆ ಸಿಕ್ಕಾಗಲೆಲ್ಲ ನಾನು ರೈಲು ಹತ್ತಿ ಅಕ್ಕನನ್ನು ನೋಡಲು ಹೋಗುತ್ತಿದ್ದೆ. ಕಿಟಕಿ ಕಿಟಕಿಗೂ ದಪ್ಪ ಪರದೆ ಹಾಕಿದ ಬಾಡಿಗೆ ಮನೆ. ಔಷಧಿಯಿಂದ ಮುಖ ದುಂಡಗೆ ಊದಿತ್ತು. "ನೋಡವಾ ಮೈಸೂರಾಕಿ, ಈಗ ಖರೇನ ಚಂದ್ರಮುಖಿ ಆಗೀನಿ" ಎನ್ನುತ್ತಿದ್ದರು. ಅಮ್ಮ ಕೊಟ್ಟು ಕಳಿಸಿದ ಉಪ್ಪು ಹಾಕದ ಚಕ್ಕುಲಿಯನ್ನು ಮುಖ ಸಿಂಡರಿಸಿಕೊಂಡು ತಿನ್ನುತ್ತಿದ್ದರು.

ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ದಾಗ ಅವರೇ ಆ ದಿನದ ಮಾತು ತೆಗೆದರು. ನಾನು ಯಾಕಕ್ಕಾ ಹಿಡಿದಿರಿ ಆ ಹಾಳು ಕುಂಭವನ್ನು ಎಂದೆ.

"ನಿನಗ ಅಂದ್ರಲ್ಲ, ತಡ್ಕೊಳ್ಳಿಕ್ಕೆ ಆಗಲಿಲ್ಲ. ಆಕಿ ಬಾಯಿ ಮುಚ್ಚಸಬೇಕಾಗಿತ್ತು. ತಪ್ಪು ಮಾಡಿದ್ನಿ ನೋಡು. ಹಿಡೀಬಾರದಿತ್ತು. ಆ ನೀರು ಆಕಿ ತಲಿ ಮ್ಯಾಲೆ ಸುರೀಬೇಕಾಗಿತ್ತು."

ಇಬ್ಬರೂ ನಕ್ಕೆವು. ಅದರ ಮುಂದಿನ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು.

ಕೂಟದವರು ಕಲೂರಿನ ಅದೇ ಸಭಾಂಗಣದಲ್ಲಿ ಸಂತಾಪ ಸಭೆ ಇಟ್ಟರು. ಹೋಗಬಾರದಿತ್ತು, ಹೋದೆ. ವೇದಿಕೆಯ ಮೇಲೆ ಮೇಜು, ಮೇಜಿನ ಮೇಲೆ ದೊಡ್ಡದೊಂದು ಫೋಟೋ. ನನಗೆ ಮೊದಲು ಗುರುತು ಸಿಕ್ಕಿದ್ದು ಕಲಶ, ಆಮೇಲೆ ಸೀರೆ. ಮುಖ ಯಾರದೋ. ಹತ್ತಿರ ಹೋಗಿ ನೋಡಿದೆ. ಆ ಯುಗಾದಿಯ ಫೋಟೋದಿಂದಲೇ ಅಕ್ಕನನ್ನು ಕತ್ತರಿಸಿ ತೆಗೆದಿದ್ದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡದ್ದು ನಕ್ಕ ಹಾಗೆ ಕಾಣುತ್ತಿತ್ತು. ಮುಖ, ಕತ್ತು, ಕಲಶ ಹಿಡಿದ ಕೈ ಎಲ್ಲವೂ ಬೆಳ್ಳಗೆ, ಸುಣ್ಣ ಹೊಡೆದ ಗೋಡೆಯ ಹಾಗೆ.

"ಯಾರ್ರೀ ಇದು?" ಎಂದು ಕೇಳಿದೆ. ನನ್ನ ದನಿ ಜೋರಾಗಿಯೇ ಇದ್ದಿರಬೇಕು, ಸಭೆಯೆಲ್ಲ ನನ್ನ ಕಡೆ ತಿರುಗಿತು.

ಸಾಹೇಬರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ಬಂದರು. ನಿಜವಾಗಿಯೂ ಅಳುತ್ತಿದ್ದರು, ಅದನ್ನು ಸುಳ್ಳೆನ್ನಲಾರೆ. "ಚೆನ್ನಾಗಿ ಬಂದಿದೆ ಅಲ್ವಾ? ಫೋಟೋದಲ್ಲಿ ತುಂಬಾ ಕಪ್ಪಗಿದ್ರು, ಪಾಪ. ನಮ್ಮ ಮಗನೇ ಸರಿ ಮಾಡಿಕೊಟ್ಟ" ಎಂದರು. ಅಕ್ಕನ ಗಂಡ ಆ ಫೋಟೋಕ್ಕೆ ಹಾರ ಹಾಕಿದರು. ನಗುನಗುತ್ತಾ ಕನ್ನಡದ ಸೇವೆ ಮಾಡಿದ ಜೀವ ಎಂದು ಸಾಹೇಬರು ಮೈಕಿನಲ್ಲಿ ಶುರು ಮಾಡಿದರು. ಥೂ ಎಂದು ಹೇಳಿ ಎದ್ದು ಬಂದೆ. ಆಮೇಲೆ ಯಾವ ಕೂಟದ ಮೆಟ್ಟಿಲನ್ನೂ ನಾನು ಹತ್ತಿಲ್ಲ.

ಈಗ ನಾನೂ ವರ್ಗವಾಗಿ ಇದೇ ತಿರುವನಂತಪುರದಲ್ಲಿದ್ದೇನೆ. ಅಮ್ಮ ಇಲ್ಲ. ಮಗಳು ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಬೇಸಿಗೆ ಬಂದರೆ ಬಿಸಿಲಿನ ಎಚ್ಚರಿಕೆ ಫೋನಿಗೇ ಬರುತ್ತದೆ, ಹನ್ನೊಂದರಿಂದ ಮೂರರವರೆಗೆ ಹೊರಗೆ ಹೋಗಬೇಡಿ, ಕೊಡೆ ಹಿಡಿಯಿರಿ, ನೀರು ಕುಡಿಯಿರಿ ಎಂದು. ಆಗ ಅಕ್ಕ ಹೇಳಿದರೆ ನಗುತ್ತಿದ್ದ ಜನ ಈಗ ಅದನ್ನೇ ಒಬ್ಬರಿಗೊಬ್ಬರು ಫಾರ್ವರ್ಡ್ ಮಾಡುತ್ತಾರೆ.

ಮೊನ್ನೆ ಅಂಗಡಿಯಿಂದ ಬಂದವಳೇ ಮಗಳ ಮುಂದೆ ಕೂತೆ. ನಿನಗೆ ಮೇಲಿನ ಮನೆ ಆಂಟಿ ನೆನಪಿದ್ದಾರಾ, ನಿನ್ನ ಬೆನ್ನು ಸುಟ್ಟಾಗ ಒದ್ದೆ ಬಟ್ಟೆ ಹಾಕುತ್ತಾ ಸಂಜೆವರೆಗೂ ಕೂತಿದ್ದರಲ್ಲ ಎಂದು ಕೇಳಿದೆ. ಅವಳ ಮುಖ ಅರಳಿತು. ಓರ್ಮಯುಂಡು, ನೆನಪಿದೆ ಎಂದಳು. ಕಿವಿಯ ತುದಿಗೆ ಕ್ರೀಮು ಬಳಿಯುತ್ತಿದ್ದದ್ದೂ ನೆನಪಿದೆ, ಈಗಲೂ ಅಲ್ಲಿಗೇ ಮೊದಲು ಹಚ್ಚುತ್ತೇನೆ ಎಂದಳು. ಆಮೇಲೆ ಫೋನಿನಲ್ಲಿ ಏನೋ ಹುಡುಕಿದಳು. ಕೂಟದವರು ಪ್ರತಿವರ್ಷ ಯುಗಾದಿಗೆ ಹಾಕುವ ಹಳೆಯ ಚಿತ್ರಗಳಲ್ಲಿ ಸಂತಾಪ ಸಭೆಗಿಟ್ಟಿದ್ದ ಆ ಫೋಟೋ ಇದೆಯಂತೆ. ತೆರೆದು ನನ್ನ ಕಡೆ ತಿರುಗಿಸಿದಳು.

"ಆಂಟಿ ನಲ್ಲ ವೆಳುತ್ತಿಟ್ಟಾಯಿರುನ್ನು, ಅಲ್ಲೇ ಅಮ್ಮಾ?"

ಆಂಟಿ ಒಳ್ಳೇ ಬೆಳ್ಳಗಿದ್ದರು, ಅಲ್ಲವಾ ಅಮ್ಮ? ನಾನು ಅಲ್ಲ ಎಂದೆ. ಮತ್ತೆ ಹೇಗಿದ್ದರು ಎಂದು ಕೇಳಿದಳು. ತೋರಿಸಲು ನನ್ನ ಹತ್ತಿರ ಅಕ್ಕನ ಬೇರೆ ಒಂದೂ ಫೋಟೋ ಇಲ್ಲ.